ಫಕೀರವ್ವ ತೋಡಿದ ಹೊಂಡ

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಮಠಕ್ಕೆ ಒಬ್ಬ ಮುದಿ ಗುರು. ಸುತ್ತಲಿನ ಊರಿನವರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಹೆಸರು ಹಿಡಿದು ಕರೆಯುವಷ್ಟು ಹಿರಿಯರು ಯಾರೂ ಉಳಿದಿರಲಿಲ್ಲ.

ಅಜ್ಜಾರ ಶಿಷ್ಯರಲ್ಲಿ ಫಕೀರವ್ವ ಒಬ್ಬಳು. ಕೆರೆ ಬಾವಿ ತೋಡುವವರ ಮನೆಯ ಮಗಳು. ಗಂಡ ತೀರಿಕೊಂಡ ಮೇಲೆ ಮಠಕ್ಕೆ ಬಂದವಳು, ಹನ್ನೊಂದು ವರ್ಷ ಕಳೆದರೂ ತಲೆ ಬಾಗಿಸಿ ಹೂಂ ಅನ್ನುವುದನ್ನು ಕಲಿತಿರಲಿಲ್ಲ. ಅಜ್ಜಾರು ಏನಾದರೂ ಹೇಳಿದರೆ ಉಳಿದವರು ಹೂಂ ಅನ್ನುತ್ತಿದ್ದರು. ಇವಳು ಯಾಕ್ರಿ ಅನ್ನುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅಜ್ಜಾರ ಮನಸ್ಸಿಗೆ ಒಂದು ಮಾತು ಬಂತು. ಹೊಳೆಯ ತುಂಬ ಬಟ್ಟೆ ಒಗೆಯುವವರು, ಟ್ರ್ಯಾಕ್ಟರ್ ತೊಳೆಯುವವರು, ಮರಳು ಎತ್ತುವವರು. ಕಪ್ಪೆ ಕೊಕ್ಕರೆಗಳಿಗೆ ಅಲ್ಲಿ ಕಾಲಿಡಲು ಜಾಗವೇ ಇಲ್ಲ. ಮಠದ ಹಿಂದಿನ ತೋಟದಲ್ಲಿ ಮನುಷ್ಯರಿಗೆ ಸಂಬಂಧವಿಲ್ಲದ ಒಂದು ಹೊಂಡ ಇರಬೇಕು ಅಂದರು.

ಆವತ್ತು ಫಕೀರವ್ವ ಯಾಕ್ರಿ ಅನ್ನಲಿಲ್ಲ. ಗುದ್ದಲಿ ಹುಡುಕಲು ಹೋದಳು.

ನಲವತ್ತು ದಿನ ಅಗೆದಳು. ಒಂದು ಕಡೆ ಮರಿಗಳು ತೆವಳಿ ಹತ್ತಲಿ ಅಂತ ಇಳಿಜಾರು ಬಿಟ್ಟಳು. ಇನ್ನೊಂದು ಕಡೆ ಮೂರು ಕಲ್ಲಿನ ಮೆಟ್ಟಿಲು ಇಟ್ಟಳು. ಮುಂಗಾರಿನ ಮಿರಗದ ಮಳೆ ಹಿಡಿದು ಹೊಡೆಯಿತು, ತೋಟದ ಕಾಲುವೆ ಉಕ್ಕಿ ಹರಿಯಿತು, ಹೊಂಡ ತುಂಬಿತು. ಮೂರನೆಯ ದಿನಕ್ಕೇ ಕಪ್ಪೆಗಳು ಬಂದವು. ಅವಕ್ಕೆ ಹೇಳಿ ಕಳಿಸಿದವರು ಯಾರೋ ಗೊತ್ತಿಲ್ಲ.

ಫಕೀರವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಮಠದಲ್ಲಿ ಒಂದು ನೇಮವಿತ್ತು. ಅಜ್ಜಾರ ಗುರುಗಳ ಕಾಲದಿಂದ ನಡೆದುಬಂದದ್ದು. ಉಣ್ಣುವ ಮೊದಲು ಮೊದಲ ತುತ್ತನ್ನು ಮೂಕಜೀವಕ್ಕೆ ಕೊಡಬೇಕು, ಆಮೇಲೆ ತಾನು ಉಣ್ಣಬೇಕು. ಒಬ್ಬರು ಕಾಗೆಗೆ ಇಡುತ್ತಿದ್ದರು, ಒಬ್ಬರು ಇರುವೆಗೆ, ಒಬ್ಬರು ಬಾಗಿಲಲ್ಲಿ ಬಿದ್ದ ನಾಯಿಗೆ. ಯಾರಿಗೆ ಕೊಡಬೇಕು ಅಂತ ಯಾರೂ ಯಾರಿಗೂ ಹೇಳುತ್ತಿರಲಿಲ್ಲ.

ಹೊಂಡ ತುಂಬಿದ ದಿನ ಊಟದ ಹೊತ್ತಿಗೆ ಫಕೀರವ್ವ ಮೆಟ್ಟಿಲ ಮೇಲೆ ನಿಂತು ಎಲ್ಲರನ್ನೂ ಕರೆದಳು. ಮೂಕಜೀವಿಗಳಿಗೇ ಅಂತ ತೋಡಿದ ಹೊಂಡ ಇರುವಾಗ ಕಾಗೆ ನಾಯಿ ಅಂತ ಯಾಕೆ ಅಲೆಯಬೇಕು, ತಂದು ಇಲ್ಲೇ ಹಾಕಿ ಅಂದಳು. ಮಾತು ಎಲ್ಲರಿಗೂ ಸರಿ ಕಂಡಿತು. ಅಜ್ಜಾರಿಗೂ ಸರಿ ಕಂಡಿತು. ಮೊದಲ ತುತ್ತು ಅವರದೇ ಬಿತ್ತು. ಮೀನಿಲ್ಲದ ಹೊಂಡದಲ್ಲಿ ಅದನ್ನು ತಿನ್ನುವವರು ಯಾರು ಅಂತ ಕೇಳಲು ಯಾರಿಗೂ ಹೊಳೆಯಲಿಲ್ಲ.

ದಿನಕ್ಕೆ ಇಪ್ಪತ್ತು ತುತ್ತು. ಸೋಮವಾರ ದಾಸೋಹದ ದಿನ ಮುನ್ನೂರು.

ಆಷಾಢ ಕಳೆಯುವ ಮೊದಲೇ ಹೊಂಡ ಹಸಿರಾಯಿತು. ಮೊದಲು ಅಂಚಿನಲ್ಲಿ ನೂಲಿನಂಥ ಪಾಚಿ. ಆಮೇಲೆ ಮೇಲೆಲ್ಲ ಹೊದಿಕೆ. ಬಿಸಿಲು ಬಿದ್ದರೆ ಗುಳ್ಳೆ ಏಳುತ್ತಿತ್ತು. ಗಾಳಿ ಮಠದ ಕಡೆ ತಿರುಗಿದರೆ ಉಣ್ಣಲು ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಮುರಿಗೆಪ್ಪ ಅಂತ ಒಬ್ಬ ದೊಡ್ಡ ಭಕ್ತ. ದ್ರಾಕ್ಷಿ ತೋಟದವನು. ಸೋಮವಾರದ ಹುಗ್ಗಿಗೆ ಗೋಧಿ ಬೆಲ್ಲ ಅವನ ಮನೆಯಿಂದಲೇ ಬರುತ್ತಿತ್ತು. ಕೆಟ್ಟ ಮನುಷ್ಯನಲ್ಲ, ಆದರೆ ಯಾವ ರೋಗಕ್ಕೂ ಅವನ ಹತ್ತಿರ ಒಂದೇ ಮದ್ದು. ಬಳ್ಳಿಗೆ ಹೊಡೆಯುವ ಮೈಲುತುತ್ತಿನ ಚೀಲ ತಂದು ಅಜ್ಜಾರ ಮುಂದೆ ಇಟ್ಟ. ನೀಲಿ ಹರಳು ನಾಲ್ಕು ಹಿಡಿ ಎಸೆದರೆ ಪಾಚಿ ನಾಳೆಯೇ ಸಾಯುತ್ತದೆ ಅಂದ.

ಫಕೀರವ್ವ ಬಾಗಿಲಲ್ಲಿ ನಿಂತಿದ್ದಳು. "ಪಾಚಿ ಸಾಯ್ತೈತ್ರಿ, ಖರೆ. ಕಪ್ಪಿ ಮರಿ?"

"ಕಪ್ಪಿ ಮತ್ತ ಬರ್ತಾವ ಬಿಡವಾ."

"ನಿಮ್ಮ ಮಕ್ಕಳಿಗೂ ಹಿಂಗ ಅಂತೀರೇನ್ರಿ?"

ಮುರಿಗೆಪ್ಪನ ಮುಖ ಕೆಂಪಾಯಿತು. ಅಜ್ಜಾರು ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. ಔಷಧ ಬೇಡ ಅಂದರು. ಆದರೆ ನಾರುವ ಹೊಂಡ ಯಾವ ಜೀವಕ್ಕೂ ಒಳ್ಳೆಯದಲ್ಲ, ಊರಿನಲ್ಲಿ ಸೊಳ್ಳೆ ಹೆಚ್ಚಾದವು ಅಂತ ಹೆಂಗಸರು ಬಂದು ಅಳುತ್ತಿದ್ದಾರೆ. ಶ್ರಾವಣದ ಕಡೆಯ ಸೋಮವಾರದ ತನಕ ಹೊತ್ತು ಕೊಡುತ್ತೇನೆ. ನೀರಿನೊಳಗಿನ ಮೂರನೆಯ ಮೆಟ್ಟಿಲು ಕಣ್ಣಿಗೆ ಕಂಡರೆ ಹೊಂಡ ಉಳಿಯಲಿ. ಕಾಣದಿದ್ದರೆ ಮಣ್ಣು ಹಾಕಿ ಮುಚ್ಚಿಬಿಡೋಣ ಅಂದರು.

ಮುಚ್ಚುವುದು ಅಂದರೆ ಏನು ಅಂತ ಫಕೀರವ್ವನಿಗೆ ಗೊತ್ತಿತ್ತು. ಆ ನೀರಿನಲ್ಲಿ ಆಗಲೇ ಸಾವಿರಾರು ಗೊದಮೊಟ್ಟೆಗಳಿದ್ದವು. ಇನ್ನೂ ಕಾಲು ಮೂಡಿರದವು. ಓಡಿಹೋಗಲಾರದವು.

"ಮುಚ್ಚಾಕ ಬಿಡೂದಿಲ್ರಿ ಅಜ್ಜಾರ."

"ನಾ ನಿನ್ನ ಕೇಳಲಿಲ್ಲ, ತಂಗಿ. ಹೇಳಿದೆ."

"ನಾನೂ ಹೇಳಿದೆರಿ."

ಅಜ್ಜಾರು ಹೊದ್ದ ಶಾಲು ಸರಿಮಾಡಿಕೊಂಡು ಎದ್ದು ಹೋದರು.

ಮಾರನೆಯ ದಿನ ಬೆಳಗಾಗುತ್ತಲೇ ಅವಳು ಕವಲಿರುವ ಒಂದು ಜಾಲಿಕೋಲು ಕಡಿದು ತಂದಳು. ನೀರಿಗಿಳಿದು ಕೋಲನ್ನು ಪಾಚಿಯೊಳಗೆ ಇಟ್ಟು ತಿರುವಿದಳು. ನೂಲು ಸುತ್ತಿದ ಹಾಗೆ ಪಾಚಿ ಸುತ್ತಿಕೊಂಡು ಬಂತು. ಎತ್ತಿದಳು, ತೋಟದ ಆಚೆಗೆ ಒಯ್ದು ಬಿಸಿಲಿಗೆ ಎಸೆದಳು. ಮತ್ತೆ ಇಳಿದಳು. ಮಧ್ಯಾಹ್ನದ ಹೊತ್ತಿಗೆ ಎದೆಮಟ್ಟದ ರಾಶಿಯಾಯಿತು. ಬೆನ್ನು ಮುರಿದು ಬಿದ್ದಿದ್ದರೂ ಮನಸ್ಸಿಗೆ ಹಿಗ್ಗು.

ಹಿಂತಿರುಗಿ ನೋಡಿದರೆ ಅಜ್ಜಾರು ರಾಶಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಮಗ್ಗುಲಲ್ಲಿ ಒಂದು ತಂಬಿಗೆ ನೀರು. ಪಾಚಿಯನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ಒಳಗಿನಿಂದ ಏನನ್ನೋ ಆರಿಸಿ ತಂಬಿಗೆಗೆ ಬಿಡುತ್ತಿದ್ದರು.

ಏನು ಮಾಡುತ್ತಿದ್ದೀರಿ ಅಂತ ಅವಳು ಕೇಳಿದಳು. ಅಜ್ಜಾರು ತಂಬಿಗೆಯನ್ನು ಮುಂದೆ ಹಿಡಿದರು. ಒಳಗೆ ಹದಿನೇಳು ಗೊದಮೊಟ್ಟೆ, ಎರಡು ಸಣ್ಣ ಶಂಖದ ಹುಳ, ರೆಕ್ಕೆ ಮೂಡಿರದ ಒಂದು ನೀರಹುಳ.

"ಬದುಕಿದ್ದು ಇಷ್ಟ," ಅಂದರು.

ಫಕೀರವ್ವ ರಾಶಿಯನ್ನು ನೋಡಿದಳು. ಮೇಲಿನ ಪಾಚಿ ಆಗಲೇ ಒಣಗಿತ್ತು. ಒಣಗಿದ ಎಳೆಗಳ ನಡುವೆ ಅಕ್ಕಿಕಾಳಿನಷ್ಟು ಕಪ್ಪು ಚುಕ್ಕೆಗಳು ಎಷ್ಟೋ ಇದ್ದವು. ಮೈಲುತುತ್ತು ಬೇಡ ಅಂತ ಬಾಗಿಲಲ್ಲಿ ನಿಂತು ಜಗಳವಾಡಿದವಳು ಅದೇ ಕೆಲಸವನ್ನು ಕೋಲಿನಲ್ಲಿ ಮಾಡಿದ್ದಳು. ಅವಳಿಗೆ ಅಳು ಬಂತು. ಅಳುವುದು ಅವಳಿಗೆ ರೂಢಿಯಿರಲಿಲ್ಲ, ಹಾಗಾಗಿ ಸಿಟ್ಟು ಮಾಡಿಕೊಂಡಳು.

"ಮೊದಲ ಹೇಳಬಾರದಾಗಿತ್ತೇನ್ರಿ?"

"ನಾನೂ ಈಗ ನೋಡಿದೆ," ಅಂದು ಅಜ್ಜಾರು ತಂಬಿಗೆಯನ್ನು ಅವಳ ಕೈಗೆ ಕೊಟ್ಟರು.

ಅಂದಿನಿಂದ ಅವಳು ತೆಗೆದ ಪಾಚಿಯನ್ನು ಇಳಿಜಾರಿನಲ್ಲೇ, ನೀರಿನ ಅಂಚಿಗೆ ಹರಡಿ ಇಡತೊಡಗಿದಳು. ಒಳಗಿದ್ದವು ತಾವಾಗಿ ತೆವಳಿ ನೀರಿಗೆ ಹೋಗುತ್ತಿದ್ದವು. ಒಂದು ದಿನ ಬಿಟ್ಟು, ಕೈಯಾಡಿಸಿ ನೋಡಿ, ಆಮೇಲೆ ಬುಟ್ಟಿ ತುಂಬಿ ಬಾಳೆಯ ಬುಡಕ್ಕೆ ಹಾಕುತ್ತಿದ್ದಳು. ಕೆಲಸ ಮೂರು ಪಟ್ಟು ನಿಧಾನವಾಯಿತು. ಪಾಚಿಗೆ ನಿಧಾನ ಗೊತ್ತಿರಲಿಲ್ಲ. ಇವತ್ತು ತೆಗೆದ ಜಾಗದಲ್ಲಿ ನಾಡಿದ್ದು ಮತ್ತೆ ಅಷ್ಟೇ.

ಎರಡು ವಾರ ಹೀಗೆ ಕಳೆಯಿತು. ಒಂದು ದಿನ ಅವಳು ಕೋಲು ಬಿಸಾಕಿ ಅಜ್ಜಾರ ಹತ್ತಿರ ಹೋದಳು. ಎಷ್ಟು ತೆಗೆದರೂ ಮುಗಿಯುವುದಿಲ್ಲ, ಇದು ನನ್ನ ಮೇಲೆ ಹಗೆ ಸಾಧಿಸುತ್ತಿದೆ ಅಂದಳು.

ಅಜ್ಜಾರು ಹೊಂಡದ ತನಕ ನಡೆದು ಬಂದು ಬಹಳ ಹೊತ್ತು ನೋಡಿದರು.

"ಇದು ಇಷ್ಟು ದಪ್ಪ ಆಗೈತಿ ಅಂದ್ರ ಎಲ್ಲೋ ಹೊಟ್ಟಿತುಂಬ ಉಣ್ಣಾಕತ್ತೈತಿ."

"ಎಲ್ಲಿ ಉಣ್ತೈತ್ರಿ?"

"ನೀರಾಗ ಇರಾಕಿ ನೀನು. ನನ್ನ ಕೇಳ್ತೀಯಲ್ಲ."

ಅವಳು ಹುಡುಕಲು ಹೊರಟಳು. ಹುಡುಕುವುದು ಅಂದರೆ ಫಕೀರವ್ವನ ಲೆಕ್ಕದಲ್ಲಿ ಯಾರನ್ನಾದರೂ ಹಿಡಿದು ಬೈಯುವುದು. ದನದ ಕೊಟ್ಟಿಗೆಯ ಗಂಜಲದ ನೀರು ಹೊಂಡಕ್ಕೆ ಇಳಿಯುತ್ತಿತ್ತು. ಕೊಟ್ಟಿಗೆಯವನನ್ನು ಹಿಡಿದು ಬೈದು, ಆ ಮೋರಿಯನ್ನು ಬಾಳೆಯ ಕಡೆ ತಿರುಗಿಸಿದಳು. ಪಾತ್ರೆ ತೊಳೆಯುವ ಸಾಬೂನಿನ ನೀರು ಕಾಲುವೆಗೆ ಸೇರುತ್ತಿತ್ತು. ಅಡುಗೆ ಮನೆಯವರನ್ನು ಬೈದಳು. ಬೇವಿನ ಎಲೆ ಉದುರುತ್ತಿತ್ತು. ಬೇವಿಗೂ ಎರಡು ಮಾತು ಬಿತ್ತು. ಹಳೆಯ ಕೆರೆಯಿಂದ ನೈದಿಲೆಯ ಗಡ್ಡೆ ತಂದು ನೆಟ್ಟಳು, ಎಲೆ ಹರಡಿದರೆ ನೀರಿಗೆ ನೆರಳಾಗುತ್ತದೆ, ಬಿಸಿಲಿಲ್ಲದೆ ಪಾಚಿ ಸೊರಗುತ್ತದೆ ಅಂತ.

ಎಲ್ಲವೂ ಒಳ್ಳೆಯ ಕೆಲಸವೇ. ಪಾಚಿ ಸ್ವಲ್ಪ ತೆಳ್ಳಗಾಯಿತು. ಆದರೆ ಹೋಗಲಿಲ್ಲ. ಅದರಲ್ಲೂ ಮೆಟ್ಟಿಲ ಕಡೆ ಕದಲಲಿಲ್ಲ. ಸೋಮವಾರ ಕಳೆದು ಎರಡು ದಿನಕ್ಕೆ ಅಲ್ಲಿ ಕಂಬಳಿ ಹಾಸಿದಷ್ಟು ದಪ್ಪವಾಗುತ್ತಿತ್ತು.

ಶ್ರಾವಣ ಬಂತು. ಮೊದಲ ಸೋಮವಾರ ಬೆಳಿಗ್ಗೆ ಅವಳು ಆ ಕಂಬಳಿಯನ್ನು ಎಳೆಯುತ್ತಿದ್ದಾಗ ಕೋಲು ಕೈಜಾರಿ ಆಳಕ್ಕೆ ಹೋಯಿತು. ತೆಗೆಯಲು ಮೂರನೆಯ ಮೆಟ್ಟಿಲಿನಿಂದ ಕೆಳಗೆ ಕೈ ಹಾಕಿದಳು. ಬೆರಳಿಗೆ ಮಣ್ಣು ಸಿಗಲಿಲ್ಲ. ಮೆತ್ತಗೆ, ಅಂಟಂಟಾಗಿ ಇನ್ನೇನೋ ಸಿಕ್ಕಿತು. ಒಂದು ಬೊಗಸೆ ಎತ್ತಿ ಮೇಲೆ ತಂದಳು.

ಬೂದು ಬಣ್ಣದ ಹಿಟ್ಟು. ಹುಳಿ ನಾತ. ಅದರ ನಡುವೆ ಇನ್ನೂ ಕರಗದ ಗೋಧಿಯ ಕಾಳು.

ಹುಗ್ಗಿ.

ಅವಳು ಮತ್ತೆ ಕೈ ಹಾಕಿದಳು. ಮೊಣಕೈ ತನಕ ಹೋಯಿತು. ಎಲ್ಲ ಅನ್ನ, ಎಲ್ಲ ಹುಗ್ಗಿ, ಎಲ್ಲ ರೊಟ್ಟಿಯ ಚೂರು. ಎರಡು ತಿಂಗಳಿಂದ ಮಠದವರೆಲ್ಲ ಕೈಮುಗಿದು ಹಾಕಿದ ಮೊದಲ ತುತ್ತುಗಳು ಅಲ್ಲಿ ಕೊಳೆಯುತ್ತಾ ಬಿದ್ದಿದ್ದವು. ಪಾಚಿಗೆ ದಿನವೂ ದಾಸೋಹ ನಡೆದಿತ್ತು.

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಯಾರನ್ನು ಬೈಯುವುದು? ಕೊಟ್ಟಿಗೆಯವನನ್ನು ಬೈದಾಗಿತ್ತು, ಅಡುಗೆಯವರನ್ನು ಬೈದಾಗಿತ್ತು, ಬೇವಿನ ಮರವನ್ನೂ ಬಿಟ್ಟಿರಲಿಲ್ಲ. ಇದೇ ಮೆಟ್ಟಿಲ ಮೇಲೆ ನಿಂತು ತಂದು ಇಲ್ಲೇ ಹಾಕಿ ಅಂತ ಕೂಗಿ ಕರೆದವಳು ತಾನೇ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಅಡುಗೆ ಮನೆಯಿಂದ ಬೆಲ್ಲದ ಪರಿಮಳ ಬಂತು. ಇನ್ನೊಂದು ಗಳಿಗೆಗೆ ಊಟದ ಗಂಟೆ ಬಾರಿಸುತ್ತಾರೆ. ಮುನ್ನೂರು ಜನ ಮುನ್ನೂರು ತುತ್ತು ಹಿಡಿದು ಇತ್ತ ಬರುತ್ತಾರೆ.

ಹೇಳಲು, ಒಪ್ಪಿಸಲು, ಅಪ್ಪಣೆ ಕೇಳಲು ಹೊತ್ತಿರಲಿಲ್ಲ. ಇದ್ದಿದ್ದರೂ ಅವಳು ಕೇಳುತ್ತಿದ್ದಳು ಅಂತ ನನಗೇನೂ ಅನ್ನಿಸುವುದಿಲ್ಲ. ಬೇಲಿಯ ಜಾಲಿಮುಳ್ಳನ್ನು ಕಿತ್ತು ಎಳೆದು ತಂದಳು. ಮೆಟ್ಟಿಲಿಗೆ ಅಡ್ಡ ಹಾಕಿದಳು. ಅದರ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಳು.

ಗಂಟೆ ಬಾರಿಸಿದರು. ಜನ ಬಂದರು. ಮುಳ್ಳು ನೋಡಿ ನಿಂತರು.

ಇಲ್ಲಿ ತುತ್ತು ಹಾಕುವ ಹಾಗಿಲ್ಲ ಅಂದಳು. ಯಾಕೆ ಅಂತ ಅವರು ಕೇಳಿದರು. ತಳದಿಂದ ತೆಗೆದಿಟ್ಟಿದ್ದ ಹಿಟ್ಟನ್ನು ತೋರಿಸಿದಳು. ಕೆಲವರು ಮೂಗು ಮುಚ್ಚಿಕೊಂಡರು, ಕೆಲವರು ದೊಡ್ಡ ಗುರುಗಳು ಹಾಕಿಕೊಟ್ಟ ನೇಮಕ್ಕೆ ಮುಳ್ಳು ಬಡಿದಳಲ್ಲ ಅಂತ ಗೊಣಗಿದರು. ಮುರಿಗೆಪ್ಪ ಮುಂದೆ ಬಂದು, ಇದು ಬಹಳ ಆಯಿತು, ಅಜ್ಜಾರೇ ಬರಲಿ ಅಂದ.

ಜನ ಎರಡಾಗಿ ದಾರಿ ಬಿಟ್ಟರು. ಅಜ್ಜಾರು ಬಂದರು. ಬಲಗೈಯಲ್ಲಿ ಅವರ ಮೊದಲ ತುತ್ತು ಇತ್ತು. ಬಿಸಿ ಹುಗ್ಗಿಯ ಉಂಡೆ.

"ಫಕೀರವ್ವ, ಮುಳ್ಳು ತಗಿ."

"ತಗಿಯೂದಿಲ್ರಿ ಅಜ್ಜಾರ."

"ನಮ್ಮ ಗುರುಗಳ ನೇಮ ಇದು. ಅರವತ್ತು ವರ್ಷ ನಾ ಒಂದ ದಿನಾನೂ ತಪ್ಪಿಸಿಲ್ಲ."

"ನೇಮ ತಪ್ಪಂತ ನಾ ಅನ್ನಲಿಲ್ರಿ. ಇಲ್ಲಿ ಹಾಕ್ರಂತ ಕರದಾಕಿ ನಾನ. ಆ ತಪ್ಪು ನಂದು. ಆದ್ರ ಹೊಂಡಕ್ಕ ಹಸಿವಿಲ್ರಿ. ಹಸಿವಿಲ್ಲದವರ ಬಾಯಾಗ ತುರುಕಿದ್ದು ಕೊಳೀತೈತಿ. ಒಳಗಿನ ಮರಿಗಳಿಗೆ ಉಸಿರು ಕಟ್ಟಾಕತ್ತೈತಿ."

ಅಜ್ಜಾರು ಅವಳು ತೋರಿಸಿದ ಹಿಟ್ಟನ್ನು ನೋಡಿದರು. ಬಗ್ಗಿ ಎಡಗೈಯ ಒಂದು ಬೆರಳಿನಿಂದ ಮುಟ್ಟಿ ಮೂಸಿದರು. ಮುಖ ಸಣ್ಣದಾಯಿತು. ಎದ್ದು ನಿಂತರು.

"ಇರಲಿ. ಈ ತುತ್ತು ಕೊಡದ ನಾ ಉಣ್ಣೂಹಂಗಿಲ್ಲ. ನೀ ಬಿಡೂದಿಲ್ಲ. ಹಂಗಾರ ಇದನ್ನ ಯಾರಿಗೆ ಕೊಡ್ಲಿ?"

ಫಕೀರವ್ವ ಬಲಗೈ ಚಾಚಿದಳು.

"ನನಗ ಕೊಡ್ರಿ. ಮುಂಜಾನಿಂದ ನೀರಾಗ ನಿಂತೀನಿ. ಹೊಟ್ಟಿ ಹಸದೈತಿ."

ಆ ಮಠದಲ್ಲಿ ಅಜ್ಜಾರು ಉಣ್ಣುವ ಮೊದಲು ಶಿಷ್ಯರು ಒಂದು ಅಗುಳು ಬಾಯಿಗೆ ಹಾಕಿದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಅದೂ ಕೈಚಾಚಿ, ಮುಳ್ಳು ಅಡ್ಡ ಹಾಕಿ, ಕೊಡ್ರಿ ಅಂತ ಕೇಳುವುದು. ಚಾಚಿದ ಕೈಯನ್ನು ಅವಳು ಹಿಂದಕ್ಕೆ ಮಾತ್ರ ತೆಗೆಯಲಿಲ್ಲ.

ಅಜ್ಜಾರು ಆ ಕೈಯನ್ನು, ಕೆಸರು ಮೆತ್ತಿದ ಅವಳ ಕಾಲನ್ನು ನೋಡಿದರು. ತುತ್ತನ್ನು ಅದರ ಮೇಲೆ ಇಟ್ಟರು.

ಅವಳು ಅಲ್ಲೇ ನಿಂತು, ಎಲ್ಲರೂ ನೋಡುತ್ತಿರುವಂತೆ, ಅದನ್ನು ತಿಂದಳು. ಬೆರಳನ್ನೂ ನೆಕ್ಕಿದಳು.

"ಇನ್ನ ನಾನೂ ಉಣ್ತೀನಿ," ಅಂದು ಅಜ್ಜಾರು ತಿರುಗಿ ನಡೆದರು.

ಉಳಿದವರು ಕೈಯಲ್ಲಿದ್ದ ತುತ್ತನ್ನು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರೇ ಕಾಗೆ ಎಲ್ಲಿದೆ, ಇರುವೆಗೂಡು ಎಲ್ಲಿದೆ ಅಂತ ಹುಡುಕಿಕೊಂಡು ಹೋದರು. ಒಬ್ಬ ಮುದುಕಿ ತನ್ನ ತುತ್ತನ್ನು ಹತ್ತು ವರ್ಷದಿಂದ ಮಾತು ಬಿಟ್ಟ ವಾರಗಿತ್ತಿಯ ಬಾಯಿಗೆ ಇಟ್ಟಳಂತೆ. ಮಠದ ನಾಯಿಗಳಿಗೆ ಆವತ್ತು ಹುಗ್ಗಿ ಸಾಕುಸಾಕಾಗಿ ಹೋಯಿತು.

ಮುರಿಗೆಪ್ಪ ಮಾತ್ರ ಉಣ್ಣದೆ ಹೋದ. ಕಡೆಯ ಸೋಮವಾರ ಕೆಂಪು ಮಣ್ಣು ತುಂಬಿದ ಟ್ರ್ಯಾಕ್ಟರ್ ತರುತ್ತೇನೆ ಅಂತ ಹೇಳಿಯೇ ಹೋದ.

ಅವಳು ಬುಟ್ಟಿ ಹಿಡಿದು ತಳದ ಹಿಟ್ಟನ್ನು ತೆಗೆಯಲು ಶುರುಮಾಡಿದಳು. ನಾಲ್ಕು ದಿನ ತೆಗೆದಳು. ಬಾಳೆಗಿಡಗಳು ಕೊಬ್ಬಿದವು. ಐದನೆಯ ದಿನ ನೋಡಿದರೆ ಹೊಂಡದ ನೀರು ಮೊದಲಿಗಿಂತ ಹಸಿರು. ನೂಲುಪಾಚಿ ಹೋಗಿತ್ತು, ಅದರ ಬದಲು ಇಡೀ ನೀರಿಗೇ ಪಲ್ಯದ ಸೊಪ್ಪು ಅರೆದು ಕಲಸಿದಂತಾಗಿತ್ತು. ಮೂರನೆಯ ಮೆಟ್ಟಿಲಿರಲಿ, ಮೊದಲನೆಯದೇ ಕಾಣುತ್ತಿರಲಿಲ್ಲ.

ಜನ ಬಂದು ನೋಡಿದರು. ನೇಮ ಮುರಿದದ್ದಕ್ಕೆ ಹೀಗಾಯಿತು ಅಂತ ಅವಳಿಗೆ ಕೇಳುವ ಹಾಗೆಯೇ ಮಾತಾಡಿಕೊಂಡರು.

ಅವಳಿಗೆ ಮೊದಲ ಸಲ ಭಯವಾಯಿತು. ತಾನು ಹಟಕ್ಕೆ ಬಿದ್ದು ಎಲ್ಲ ಕೆಡಿಸಿಬಿಟ್ಟೆನೇನೋ ಅನ್ನಿಸಿತು. ಅಂಜಿದ್ದಕ್ಕೆ ಇನ್ನಷ್ಟು ಜೋರಾಗಿ ಕೋಲು ಆಡಿಸಿದಳು. ಕೆದಕಿದಷ್ಟೂ ತಳದ ಕೊಳೆ ಎದ್ದು ನೀರು ರಾಡಿಯಾಯಿತು.

ಅಜ್ಜಾರು ಬಂದು ದಂಡೆಯಲ್ಲಿ ನಿಂತರು.

"ಇನ್ನೇನ ಮಾಡ್ಲಿರಿ?" ಅವಳು ತಲೆ ಎತ್ತದೆ ಕೇಳಿದಳು.

"ಏನೂ ಮಾಡಬ್ಯಾಡ."

"ಏನೂ ಮಾಡದ ಕುಂಡ್ರೂದು ನನ್ನ ಕೈಲೆ ಆಗೂದಿಲ್ಲ, ನಿಮಗ ಗೊತ್ತೈತಿ."

ಅಜ್ಜಾರು ಬಗ್ಗಿ ಅವಳ ಕೈಯಿಂದ ಕೋಲನ್ನು ತೆಗೆದುಕೊಂಡರು. ಅದನ್ನು ಊರಿಕೊಂಡು, ತಮ್ಮದೇ ಊರುಗೋಲು ಅನ್ನುವ ಹಾಗೆ, ಮಠಕ್ಕೆ ನಡೆದು ಹೋದರು. ಮರುದಿನವೂ ಅದನ್ನೇ ಊರಿಕೊಂಡು ಓಡಾಡಿದರು. ಕೇಳಿದರೆ, ವಯಸ್ಸಾಯಿತಲ್ಲ ಅಂದರು.

ಕೋಲಿಲ್ಲದ ಫಕೀರವ್ವ ದಂಡೆಯಲ್ಲಿ ಕೂತಳು. ಮೊದಲೆರಡು ದಿನ ಸಿಟ್ಟಿನಿಂದ ಕೂತಳು. ಆಮೇಲೆ ಬೇರೆ ಕೆಲಸವಿಲ್ಲದೆ ನೋಡತೊಡಗಿದಳು. ಕಾವಲು ಕೆಲಸ ಮಾತ್ರ ಬಿಡಲಿಲ್ಲ. ತುತ್ತು ಹಿಡಿದು ಯಾರು ಬಂದರೂ ಎದ್ದು ನಿಲ್ಲುತ್ತಿದ್ದಳು.

ಹೊಂಡದ ನೀರು ತುಸು ಕಡಿಮೆಯಾದಾಗ ಮಳೆಯ ನೀರನ್ನೇ ಕಾದಳು, ಮತ್ತೆ ಕೊಳೆ ಬೆರೆತೀತು ಅಂತ ಕಾಲುವೆಯ ನೀರು ಬಿಡಲಿಲ್ಲ. ನೈದಿಲೆಯ ಒಂದೊಂದು ಎಲೆ ಮೇಲೆ ಬಂದು ಬಿಚ್ಚಿಕೊಂಡಿತು. ಒಂದು ಬೆಳಿಗ್ಗೆ ಬೊಗಸೆಯಲ್ಲಿ ನೀರು ಎತ್ತಿದರೆ ಸಾಸಿವೆಗಿಂತ ಸಣ್ಣ ಹುಳಗಳು ಕುಣಿಯುತ್ತಿದ್ದವು. ನೂರಾರು. ಆ ಹಸಿರನ್ನು ಉಣ್ಣಲು ಅವು ಎಲ್ಲಿಂದಲೋ ಬಂದಿದ್ದವು. ಮಾರನೆಯ ದಿನ ಇನ್ನೂ ಹೆಚ್ಚು.

ಮೊದಲ ಮೆಟ್ಟಿಲು ಕಂಡ ದಿನ ಅವಳು ಯಾರಿಗೂ ಹೇಳಲಿಲ್ಲ. ಎರಡನೆಯದು ಕಂಡ ದಿನವೂ ಹೇಳಲಿಲ್ಲ. ಹೇಳಿದರೆ ಕೆಟ್ಟೀತು ಅನ್ನುವ ಅಂಜಿಕೆ.

ಶ್ರಾವಣದ ಕಡೆಯ ಸೋಮವಾರ ಮುರಿಗೆಪ್ಪ ಮಾತಿಗೆ ತಪ್ಪದೆ ಬಂದ. ಟ್ರ್ಯಾಕ್ಟರ್ ತುಂಬ ಕೆಂಪು ಮಣ್ಣು, ಸಲಿಕೆ ಹಿಡಿದ ಇಬ್ಬರು ಆಳು. ಜನ ನೆರೆದರು. ಅಜ್ಜಾರು ಬಂದರು.

ಫಕೀರವ್ವ ಮುಳ್ಳನ್ನು ಒಂದು ಪಕ್ಕಕ್ಕೆ ಸರಿಸಿದಳು. ಟ್ರ್ಯಾಕ್ಟರಿಗೆ ಅಡ್ಡ ಹೋಗಿ ನಿಂತಳು.

"ಮೊದಲ ನೋಡ್ರಿ. ಆಮ್ಯಾಲ ಸಲಿಕಿ ಎತ್ರಿ."

ಮುರಿಗೆಪ್ಪ ಮೆಟ್ಟಿಲ ಹತ್ತಿರ ಹೋಗಿ ಬಗ್ಗಿದ. ನೈದಿಲೆಯ ಎಲೆಗಳ ನಡುವೆ ನೀರು ತೆಳು ಚಹದ ಬಣ್ಣಕ್ಕೆ ತಿಳಿಯಾಗಿತ್ತು. ಬೆರಳು ಮಡಚುತ್ತಾ ಮೆಟ್ಟಿಲು ಎಣಿಸಿದ. ಮೂರನೆಯದರ ಮೇಲೆ ಉಳಿಯ ಏಟಿನ ಗುರುತೂ ಕಾಣುತ್ತಿತ್ತು. ಕಾಲು ಮೂಡಿದ ಒಂದು ಕಪ್ಪೆಮರಿ ಅದರ ಮೇಲಿಂದ ಈಜಿ ಹೋಯಿತು.

ಅವನು ಸುಳ್ಳು ಹೇಳುವ ಮನುಷ್ಯನಾಗಿರಲಿಲ್ಲ. ಮೂರೂ ಕಾಣುತ್ತವೆ ಅಂದ. ಆದರೆ ಸೋಲಲು ಮನಸ್ಸು ಬಾರದೆ ಇಳಿಜಾರಿನ ಮೂಲೆಯನ್ನು ತೋರಿಸಿದ.

"ಅಲ್ಲಿ ಇನ್ನೂ ಪಾಚಿ ಐತಲ್ಲ?"

"ಐತ್ರಿ. ಇರ್ತೈತಿ. ಅದನ್ನ ನಾ ತಗಿಯೂದಿಲ್ಲ."

"ಯಾಕ?"

"ಕೊಕ್ಕರಿ ಬಂದ್ರ ಮರಿಗಳು ಎಲ್ಲಿ ಅಡಗಬೇಕ್ರಿ?"

ಮುರಿಗೆಪ್ಪ ಅಜ್ಜಾರ ಕಡೆ ನೋಡಿದ. ಅಜ್ಜಾರು ಹೊಂಡದ ಕಡೆ ನೋಡುತ್ತಿದ್ದರು. ತಂದ ಮಣ್ಣನ್ನು ವಾಪಸು ಒಯ್ಯುವುದು ಮರ್ಯಾದೆಯಲ್ಲ ಅಂತ ಅವನು ಅದನ್ನು ಮಠದ ಅಂಗಳದ ತಗ್ಗಿಗೆ ಸುರಿಸಿದ. ಆವತ್ತು ಉಂಡೂ ಹೋದ. ಅವನ ಮೊದಲ ತುತ್ತು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ ನಾಯಿಗೆ ಹೋಯಿತು.

ಸಂಜೆಗೆ ಜನ ಕರಗಿದ ಮೇಲೆ ಅಜ್ಜಾರು ಹೊಂಡದ ದಂಡೆಗೆ ಬಂದು ಕೂತರು. ಫಕೀರವ್ವ ದೂರದಲ್ಲಿ ಕೂತಿದ್ದಳು. ಅವಳಿಗೆ ಒಂದು ಮಾತು ಕೊರೆಯುತ್ತಿತ್ತು. ಊಟದ ಪಂಕ್ತಿಯಲ್ಲಿ ಎಲ್ಲರೂ ಅದನ್ನೇ ಆಡಿಕೊಂಡಿದ್ದರು. ಅಜ್ಜಾರಿಗೆ ಎಲ್ಲ ಮೊದಲೇ ಗೊತ್ತಿತ್ತು, ಶಿಷ್ಯಳ ಗಟ್ಟಿತನ ನೋಡಲು ಹೀಗೆ ಮಾಡಿದರು, ದೊಡ್ಡವರ ಲೀಲೆ ನಮಗೆ ಹೇಗೆ ತಿಳಿಯಬೇಕು ಅಂತ.

"ಅಜ್ಜಾರ, ನಿಮಗ ಮೊದಲ ಗೊತ್ತಿತ್ತೇನ್ರಿ? ತುತ್ತಿನಿಂದ ಹಿಂಗ ಆಗೈತಿ ಅಂತ?"

ಅಜ್ಜಾರಿಗೆ ನಗು ಬಂತು.

"ಗೊತ್ತಿದ್ದರ ದಿನಾ ನಾ ಯಾಕ ಹಾಕ್ತಿದ್ದೆ, ಹುಚ್ಚಿ?"

ಹನ್ನೊಂದು ವರ್ಷದಲ್ಲಿ ಅಜ್ಜಾರು ನನಗೆ ಗೊತ್ತಿರಲಿಲ್ಲ ಅಂದದ್ದನ್ನು ಅವಳು ಕೇಳಿರಲಿಲ್ಲ. ಅದು ಅವಳಿಗೆ ಹೊಂಡ ಉಳಿದದ್ದಕ್ಕಿಂತ ದೊಡ್ಡದಾಗಿ ಕಂಡಿತು. ಕಣ್ಣು ತುಂಬಿದ್ದನ್ನು ಈ ಸಲ ಸಿಟ್ಟು ಮಾಡಿ ಮುಚ್ಚಲಿಲ್ಲ.

ಆಮೇಲೆ ಎದ್ದು ಹೋಗಿ ಒಂದು ಹಲಗೆ ತಂದಳು. ಮಧ್ಯಾಹ್ನವೇ ಸುಣ್ಣದಲ್ಲಿ ಬರೆದು ಒಣಗಲು ಇಟ್ಟಿದ್ದಳು. ಈ ಹೊಂಡಕ್ಕೆ ಯಾರೂ ತುತ್ತು ಹಾಕಬಾರದು ಅಂತ ದಪ್ಪ ಅಕ್ಷರದಲ್ಲಿ ಇತ್ತು. ಮೆಟ್ಟಿಲ ಮಗ್ಗುಲಲ್ಲಿ ಅದನ್ನು ನೆಟ್ಟು, ಬುಡಕ್ಕೆ ಕಲ್ಲು ಬಡಿದು, ಅಲುಗಾಡಿಸಿ ನೋಡಿದಳು. ಗಟ್ಟಿಯಾಗಿತ್ತು.

"ಇನ್ನ ಮ್ಯಾಲ ಇದ ನೇಮ ಅಜ್ಜಾರ. ನಾ ಇರೂತನಕ ಯಾರಿಗೂ ಮುರಿಯಾಕ ಬಿಡೂದಿಲ್ಲ."

ಅಜ್ಜಾರು ಹಲಗೆಯನ್ನು ಪೂರ್ತಿ ಓದಿದರು.

"ಚಲೋ ನೇಮ, ತಂಗಿ. ಆದ್ರ ಒಂದಿನ ಯಾರರ ಇದನ್ನ ಮುರೀತೀನಿ ಅಂತ ಬಂದು ನಿನ್ನ ಎದುರಿಗೆ ನಿಲ್ತಾರ. ಆವತ್ತು ಅವರ ಕಾಲು ನೋಡು. ಕಾಲಿಗೆ ಹೊಂಡದ ಕೆಸರಿದ್ರ, ದಾರಿ ಬಿಡು."